ಕುಂಬಳದ ಹೂವು: ಬಳ್ಳಿಯನ್ನು ಬೆಳೆಸುವ ಕ್ರಮವೂ ಹೂವಿನ ಉಪಯೋಗವೂ



2 ಅರಸುಗಳು 4ನೆಯ ಅಧ್ಯಾಯದಲ್ಲಿ 38ನೆಯ ವಚನದಿಂದ ಮುಂದಕ್ಕೆ ಓದುವಾಗ, ಬರಗಾಲದಲ್ಲಿ ಎಲೀಷನ ಬಳಿಯಿದ್ದವರಲ್ಲಿ ಒಬ್ಬನು ಸೊಪ್ಪು ಕೊಯ್ಯಲಿಕ್ಕೆ ಹೊಲಕ್ಕೆ ಹೋಗಿ, ಕಾಡುಬಳ್ಳಿಯ ಕಾಯಿಗಳನ್ನು ಮಡಿಲು ತುಂಬ ತಂದು, ಅವು ಎಂಥವೆಂದು ತಿಳಿಯದೆ ಹೆಚ್ಚಿ ಅಡಿಗೆಗೆ ಹಾಕಿದನೆಂದು ಕಾಣುತ್ತೇವೆ. ನಮ್ಮ ಹಿತ್ತಲಿನ ಕುಂಬಳಬಳ್ಳಿಯಿಂದಲೂ ತಿಳಿಯದೆ ಕೊಯ್ಯುವವರು ಅನೇಕರಿದ್ದಾರೆ. ಕೆಲವರು ಹೂವು ಕಿತ್ತರೆ ಕಾಯಿ ಬಾರದೆಂದು ಹೆದರಿ ಒಂದನ್ನೂ ಮುಟ್ಟರು. ಬೇರೆ ಕೆಲವರು ಕಂಡದ್ದನ್ನೆಲ್ಲಾ ಕೊಯ್ದು, ಆ ಮೇಲೆ ಬಳ್ಳಿಗೆ ದೃಷ್ಟಿ ತಾಗಿತೆಂದು ಹಳೇ ಮಡಕೆಗೆ ಸುಣ್ಣದ ಬೊಟ್ಟಿಟ್ಟು ನಿಲ್ಲಿಸುವರು. ಇವರಿಬ್ಬರಿಗೂ ಪ್ರಯೋಜನವಾಗಲೆಂದು ಈ ಪಾಠವನ್ನು ಬರೆಯುತ್ತೇವೆ.

ಇಲ್ಲಿ ಹೇಳುವದು ಸಿಹಿಗುಂಬಳದ ವಿಷಯವೇ. ಇದನ್ನು ಕೆಲವರು ಚೀನಿಕಾಯಿ ಎನ್ನುವರು, ತುಳುವರು ಕೆಂಬುಡೆ ಎನ್ನುವರು. ಹೆಸರಿನಲ್ಲಿ ಚೀನವಿದ್ದರೂ ಇದರ ತವರು ಅಮೇರಿಕಾ ಖಂಡವು. 1492ರಲ್ಲಿ ಕೊಲಂಬಸನು ಆ ಕಡೆಗೆ ಹೋದ ಮೇಲೆಯೇ ಇದು ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂತು.

ಬೈಂದೂರಿನ ಸುತ್ತುಮುತ್ತ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವದು, ಹೂವಿನ ಪರಾಗವೂ ತೊಳೆದುಹೋಗುವದು. ಆದಕಾರಣ ಗದ್ದೆಯ ಕೊಯ್ಲು ಮುಗಿದು ನೆಲದಲ್ಲಿ ಇನ್ನೂ ತೇವವಿರುವ ನವಂಬರ, ದಶಂಬರ ತಿಂಗಳುಗಳು ಬೀಜ ಹಾಕಲಿಕ್ಕೆ ತಕ್ಕ ಕಾಲವಾಗಿವೆ. ಒಂದೂವರೆ ಅಡಿ ಅಗಲದ ಗುಂಡಿ ತೋಡಿ, ಹಳೆಯ ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಬೆರಸಿ ತುಂಬಬೇಕು. ಗುಂಡಿಯಿಂದ ಗುಂಡಿಗೆ 8 ಅಡಿ ಬಿಡಬೇಕು. ಬಳ್ಳಿಯು ಹರಡುವ ಜಾತಿಯದು. ಒಂದು ರಾತ್ರಿ ನೀರಿನಲ್ಲಿ ನೆನಸಿದ ಬೀಜಗಳನ್ನು ಗುಂಡಿಗೆ ನಾಲ್ಕರಂತೆ ಒಂದು ಅಂಗುಲ ಆಳದಲ್ಲಿ ಊರಿದರೆ ಸುಮಾರು ವಾರದೊಳಗೆ ಮೊಳೆಯುವವು. ಗಟ್ಟಿಯಾದ ಎರಡು ಸಸಿಗಳನ್ನು ಉಳಿಸಿ ಮಿಕ್ಕವುಗಳನ್ನು ಕಿತ್ತುಬಿಡಿರಿ. ಎಳೆ ಎಲೆಗಳನ್ನು ತಿನ್ನುವ ಕೆಂಪು ದುಂಬಿಗೆ, ಮುಂಜಾನೆ ಇಬ್ಬನಿಯಿರುವಾಗಲೇ ಒಲೆಯ ಬೂದಿಯನ್ನು ಎರಚತಕ್ಕದ್ದು.

ಸುಮಾರು ನಾಲ್ವತ್ತೈದು ದಿವಸಗಳಲ್ಲಿ ಹೂವು ಬರುವದು. ಇಲ್ಲಿ ಗಮನವಿಟ್ಟು ನೋಡಬೇಕು. ಒಂದೇ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಎಂದು ಎರಡು ಬಗೆ ಉಂಟು. ಗಂಡು ಹೂವು ಉದ್ದವಾದ ಸಪುರ ತೊಟ್ಟಿನ ಮೇಲೆ ನಿಲ್ಲುವದು. ಹೆಣ್ಣು ಹೂವಿನ ದಳಗಳ ಕೆಳಗೆ ಗುಂಡಗಿನ ಪುಟ್ಟ ಕಾಯಿಯೊಂದು ಮೊದಲೇ ಇರುವದು. ಮೊದಮೊದಲು ಅರಳುವವು ಬಹುಮಟ್ಟಿಗೆ ಗಂಡು ಹೂಗಳೇ. ಅವು ಉದುರಿದ್ದನ್ನು ಕಂಡು ಬಳ್ಳಿ ಬಂಜೆಯೆಂದು ಹೇಳಬಾರದು. ಹೂವು ಸೂರ್ಯೋದಯದ ಹೊತ್ತಿಗೆ ಅರಳಿ, ಹತ್ತು ಹನ್ನೊಂದು ಘಂಟೆಯೊಳಗೆ ಮುಚ್ಚಿಕೊಳ್ಳುವದು, ಮತ್ತೆ ಅರಳದು. ಅಷ್ಟರೊಳಗೆ ತುಡುವೆ ಜೇನು ಮೊದಲಾದ ಹುಳಗಳು ಗಂಡಿನ ಪರಾಗವನ್ನು ಹೆಣ್ಣಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಪುಟ್ಟ ಕಾಯಿ ಹಳದಿಯಾಗಿ ಉದುರಿಹೋಗುವದು. ಆದಕಾರಣ ಬೆಳಗ್ಗೆ ಬೇಗ ಎದ್ದು ಹೂವು ಕೊಯ್ಯುವ ಉತ್ಸಾಹವು ಈ ಒಂದು ವಿಷಯದಲ್ಲಿ ಒಳ್ಳೇದಲ್ಲ. ಸುಮಾರು ಒಂಭತ್ತು ಘಂಟೆಯ ವರೆಗೆ ಜೇನಿಗೆ ಬಿಟ್ಟುಕೊಟ್ಟು, ಆ ಮೇಲೆ ಗಂಡು ಹೂಗಳನ್ನು ಮಾತ್ರ ಕೊಯ್ದರೆ ಕಾಯಿಗೆ ನಷ್ಟವಿಲ್ಲ. ಜೇನು ಬಾರದ ಹಿತ್ತಲಿನಲ್ಲಿ ಒಂದು ಗಂಡು ಹೂವಿನ ದಳಗಳನ್ನು ತೆಗೆದು, ಅದರ ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರಸಬೇಕು. ಈ ಕೆಲಸವನ್ನು ಮಕ್ಕಳೂ ಕಲಿಯಬಲ್ಲರು.

ಹೆಣ್ಣು ಹೂವನ್ನು ತಿಂದವರು ಏನನ್ನು ಕಳಕೊಳ್ಳುವರೆಂದು ಬಡವರ ಮನೆಯಲ್ಲಿ ತಿಳಿಯುವದು. ಚೆನ್ನಾಗಿ ಬಲಿತ ಕಾಯಿ ಗಾಳಿಯಾಡುವ ಅಟ್ಟದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುವದು. ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್, ಜುಲಾಯಿ ತಿಂಗಳುಗಳಲ್ಲಿ, ಮೀನೂ ಕೂಲಿಯೂ ಕಡಿಮೆಯಾದಾಗ, ಅದೇ ಗಂಜಿಯ ಜೊತೆಗೆ ಪದಾರ್ಥವಾಗುವದು.

ಹೂವಿನ ಅಡಿಗೆ ಸುಲಭವಾದದ್ದು. ಇರುವೆಗಳನ್ನು ಕೊಡಹಿ, ತೊಟ್ಟನ್ನೂ ಬುಡದ ಹಸುರು ಎಳೆಗಳನ್ನೂ ನಡುವಿನ ಕಡ್ಡಿಯನ್ನೂ ತೆಗೆದು ತೊಳೆಯಿರಿ. ನೆನಸಿದ ಬೆಳ್ತಿಗೆ ಅಕ್ಕಿಯನ್ನು ಒಣಮೆಣಸು, ಕೊತ್ತಂಬರಿ, ಹುಣಿಸೆಹುಳಿ, ಚಿಟಿಕೆ ಅರಸಿನ, ಉಪ್ಪು ಇವುಗಳೊಂದಿಗೆ ಗಟ್ಟಿಯಾಗಿ ಅರೆದು, ಹೂವನ್ನು ಅದರಲ್ಲಿ ಅದ್ದಿ, ಕಾದ ಕಾವಲಿಯ ಮೇಲೆ ತೆಂಗಿನೆಣ್ಣೆ ಬಿಟ್ಟು ಎರಡು ಮಗ್ಗುಲೂ ಬೇಯಿಸಿರಿ. ಹೆಚ್ಚಿದ ಹೂವಿಗೆ ಕಾಯಿತುರಿ ಹಾಕಿ ಪಲ್ಯವನ್ನೂ ಮಾಡಬಹುದು. ಕೊಯ್ದ ದಿವಸವೇ ಉಪಯೋಗಿಸಬೇಕು, ಯಾಕಂದರೆ ಮರುದಿನಕ್ಕೆ ಲೋಳೆಯಾಗುವದು. ಹೂವಿನಲ್ಲಿ ಹೆಚ್ಚು ಪಾಲು ನೀರೇ ಇರುವದರಿಂದ ಇದು ಹೊಟ್ಟೆ ತುಂಬಿಸುವ ಆಹಾರವಲ್ಲ; ಊಟಕ್ಕೆ ರುಚಿ ಕೊಡುವದು, ಅಷ್ಟೇ. ಕೀಟನಾಶಕ ಹೊಡೆದ ಬಳ್ಳಿಯ ಹೂವನ್ನಾದರೋ ಅಡಿಗೆಮನೆಗೆ ತರಲೇಬಾರದು. ಆ ವಿಷದಿಂದ ಜೇನೂ ಸಾಯುವದು.

ಇನ್ನು ಕಹಿಯ ಮಾತು. ಅಪರೂಪವಾಗಿ ಒಂದು ಬಳ್ಳಿಯ ಕಾಯಿ ಬಹು ಕಹಿಯಾಗಿರುವದುಂಟು. ಅಂಥದ್ದನ್ನು ತಿಂದರೆ ವಾಂತಿಭೇದಿಯಾಗುವದು, ಬೇಯಿಸಿದರೂ ವಿಷ ಹೋಗದು. ಕಾಯಿ ಹೆಚ್ಚುವಾಗ ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಾದರೆ ಉಗುಳಿ ಕಾಯನ್ನು ಎಸೆದುಬಿಡಿರಿ. ಎಲೀಷನು ಹಿಟ್ಟು ಹಾಕಿ ಹಂಡೆಯನ್ನು ಸರಿಪಡಿಸಿದ್ದು ದೇವರ ಕಾರ್ಯ. ನಮ್ಮ ಹಿಟ್ಟಿನಿಂದ ಅದು ಆಗದು. ಸೌತೆಬಳ್ಳಿ ಹತ್ತಿರವಿದ್ದದರಿಂದ ಕುಂಬಳ ಕಹಿಯಾಯಿತೆಂಬ ಮಾತು ಸರಿಯಲ್ಲ, ಇವೆರಡೂ ಬೆರೆಯುವ ಜಾತಿಗಳಲ್ಲ. ಕಹಿ ಕಾಯಿಯ ಬೀಜವನ್ನು ಮಾತ್ರ ಎಂದೂ ಇಡಬೇಡಿರಿ.

ಬೀಜಕ್ಕಾಗಿ ಗಟ್ಟಿ ಬಳ್ಳಿಯ ಒಳ್ಳೇ ಕಾಯೊಂದನ್ನು ತೊಟ್ಟು ಒಣಗುವ ತನಕ ಬಿಡಬೇಕು. ಅಂಗಡಿಯ ಹೈಬ್ರಿಡ್ ಬೀಜದಿಂದ ಬಂದ ಕಾಯಿ ಬೇಡ, ಅದರ ಸಂತತಿ ತಾಯಿಯಂತೆ ಬಾರದು. ಬೀಜಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಬೂದಿ ಬೆರಸಿ, ಬಾಯಿ ಕಟ್ಟಿದ ಭರಣಿಯಲ್ಲಿಟ್ಟರೆ ಬರುವ ನವಂಬರಕ್ಕೆ ನಿಮಗೂ ನೆರೆಯವರಿಗೂ ಸಾಕಾಗುವದು.