ಮನುಷ್ಯರು ಯಾವದರಿಂದ ನೆಮ್ಮದಿ ಹೊಂದುತ್ತಾರೆ?

ಒಂದು ಏಣಿಯನ್ನು ನಿಮ್ಮ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿರಿ. ಅದರ ಅತಿ ಕೆಳಗಣ ಮೆಟ್ಟಲು ಸೊನ್ನೆ, ಅತಿ ಮೇಲಣದು ಹತ್ತು. ನಿಮಗೆ ದೊರೆಯಬಹುದಾದ ಜೀವಿತಗಳಲ್ಲಿ ಅತ್ಯುತ್ತಮವಾದದ್ದು ಮೇಲೆಯೂ ಅತಿ ಕೆಟ್ಟದ್ದು ಕೆಳಗೂ ಇರುವದಾದರೆ, ನೀವು ಈಗ ಯಾವ ಮೆಟ್ಟಲಿನಲ್ಲಿ ನಿಂತಿದ್ದೀರಿ? ಲೋಕದ ಅನೇಕ ದೇಶಗಳಲ್ಲಿ ಸಾಮಾನ್ಯವಾಗಿ ದೇಶವೊಂದಕ್ಕೆ ಸಾವಿರ ಮಂದಿಯಂತೆ ಜನರನ್ನು ಹೀಗೆ ಕೇಳಿ, ಅವರ ಉತ್ತರಗಳನ್ನು ಕೂಡಿಸಿ, ಯಾವ ಜನಾಂಗದವರು ಹೆಚ್ಚು ಸಂತುಷ್ಟರೆಂಬ ಪಟ್ಟಿಯನ್ನು ೨೦೧೨ರಿಂದ ಪ್ರಕಟಿಸುತ್ತಾ ಬಂದಿದ್ದಾರೆ. ೨೦೧೮ರಿಂದ ೨೦೨೫ರ ವರೆಗೆ ಎಂಟು ವರುಷವೂ ಚಳಿಯ ದೇಶವಾದ ಫಿನ್ಲೆಂಡೇ ಮೊದಲನೆಯದಾಗಿತ್ತು. ೨೦೨೫ರ ಪಟ್ಟಿಯ ೧೪೭ ದೇಶಗಳೊಳಗೆ ನಮ್ಮ ಭಾರತದ ಸ್ಥಾನವು ೧೧೮.

ಇದನ್ನು ಕೇಳಿ ಕುಗ್ಗುವದೂ ಬೇಡ, ಪಟ್ಟಿಯನ್ನು ಹಾಸ್ಯಮಾಡುವದೂ ಬೇಡ. ಆದರೆ ಏಣಿಯ ಪ್ರಶ್ನೆಯು ಎಲ್ಲಾ ಜನರಿಗೂ ಒಂದೇ ಅರ್ಥ ಕೊಡುವದೋ ಎಂಬದನ್ನು ವಿಚಾರಿಸಬೇಕು. ತೀರ್ಥಹಳ್ಳಿಯ ತೋಟದಲ್ಲಿ ಅಡಿಕೆ ಮರವೇರುವ ಕೊನೆಗಾರನಿಗೆ, ಮೇಲಕ್ಕೆ ಹೋದಷ್ಟೂ ಸುಖವೆಂದು ಯಾರಾದರೂ ಹೇಳಿದರೆ ಅವನು ನಕ್ಕಾನು! ಮೇಲೆ ಹೋದವನಿಗೆ ಬೇಕಾದದ್ದು ಜಾರದ ಮರ, ಗಟ್ಟಿಯಾದ ಹಗ್ಗ, ಕೆಳಗೆ ನಿಂತು ಕೊನೆ ಹಿಡಿಯುವ ಜೊತೆಗಾರ.

ನಮ್ಮ ಭಾಷೆಯು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ. ಸುಖ, ಸಂತೋಷ, ಆನಂದ ಎಂಬ ಮಾತುಗಳು ಸಂಸ್ಕೃತದಿಂದ ಬಂದವು. ಹಿಗ್ಗು, ನಲಿವು, ನೆಮ್ಮದಿ ಎಂಬವು ಕನ್ನಡದವೇ. ಹಿಗ್ಗು ಅಂದರೆ ಉಬ್ಬುವದು. ಅಡಿಕೆಯ ಧಾರಣೆ ಏರಿದ ವರುಷ ಅದು ಬರುತ್ತದೆ, ಕೊಳೆರೋಗ ಬಿದ್ದ ಮಳೆಗಾಲದಲ್ಲಿ ಹೋಗುತ್ತದೆ. ನೆಮ್ಮದಿಯಾದರೋ ಬೇರೆ. ನೆಮ್ಮು ಎಂಬ ಹಳೆಯ ಮಾತಿಗೆ ಒರಗು, ಆತುಕೊಳ್ಳು, ನಂಬು ಎಂಬ ಅರ್ಥಗಳಿವೆ. ನೆಮ್ಮದಿಯು ಆ ಮಾತಿನ ಮಗ್ಗುಲಲ್ಲೇ ನಿಂತಿದೆ. ಹಾಗಾದರೆ ಮಲೆನಾಡಿನವನನ್ನು ಕೇಳತಕ್ಕ ಪ್ರಶ್ನೆಯು, ನೀನು ಎಷ್ಟು ಎತ್ತರದಲ್ಲಿದ್ದೀ ಎಂಬದಲ್ಲ. ನೀನು ಒರಗುವದಕ್ಕೆ ಏನಿದೆ, ಯಾರಿದ್ದಾರೆ ಎಂಬದೇ.

ನಮ್ಮ ನೆರೆಯವರಾದ ದೀವರ ಭೂಮಿ ಹುಣ್ಣಿಮೆಯನ್ನು ನೋಡಿರಿ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಭತ್ತವು ಹೊಡೆ ತುಂಬಿ ನಿಂತಿರುವದು. ಆ ಪೈರನ್ನು ಬಸುರಿ ಹೆಂಗಸಿನಂತೆ ಎಣಿಸಿ ಅದರ ಬಯಕೆಯನ್ನು ತೀರಿಸುವದೇ ಈ ಹಬ್ಬ. ಅದಕ್ಕೆ ಮುಂಚೆ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಕೂದಲೆಳೆಯಷ್ಟು ಸಣ್ಣ ಗೆರೆಗಳಿಂದ ಚಿತ್ತಾರ ಬರೆಯುತ್ತಾರೆ. ಇದಕ್ಕೆ ಭೂಮಣ್ಣಿ ಬುಟ್ಟಿ ಎಂದು ಹೆಸರು. ಹುಣ್ಣಿಮೆಯ ರಾತ್ರಿ ಅವರು ನಿದ್ದೆಗೆಟ್ಟು ಅಡಿಗೆ ಮಾಡುವರು. ಹಿತ್ತಲಿನ ಕಾಯಿಪಲ್ಯಗಳನ್ನೂ ಕಾಡಿನ ಬಗೆಬಗೆಯ ಸೊಪ್ಪುಗಳನ್ನೂ ಕೂಡಿಸಿ ಬೇಯಿಸಿದ ಹಚ್ಚಂಬಲಿಯನ್ನು ಗಂಡಸರು ಬೆಳಕು ಹರಿಯುವ ಮೊದಲೇ ಹೊತ್ತು, ಕೂಗುತ್ತಾ ಗದ್ದೆಗೆಲ್ಲಾ ಬೀರುವರು. ಎಡೆಯಲ್ಲಿ ಕಾಗೆಗೂ ಪಾಲುಂಟು, ಪೈರನ್ನು ಕಡಿಯುವ ಇಲಿಗೂ ಪಾಲುಂಟು. ಆಮೇಲೆ ಮನೆಯವರೆಲ್ಲರೂ ಗದ್ದೆಯ ಅಂಚಿನಲ್ಲೇ ಕೂತು ಊಟಮಾಡುವರು. ಬೆಳೆ ಇನ್ನೂ ಮನೆಗೆ ಬಂದಿಲ್ಲ ಎಂಬದನ್ನು ಗಮನಿಸಿರಿ. ಕಣಜ ತುಂಬಿದ ಮೇಲೆ ಹಿಗ್ಗುವದು ಯಾರಿಗೂ ಸುಲಭ. ಇವರು ಕಾಳು ಕಾಣುವದಕ್ಕೆ ಮೊದಲೇ ಉಣಬಡಿಸುತ್ತಾರೆ.

ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಹೊರಡುವದನ್ನು ಈ ಮೂರು ತಾಲೂಕುಗಳಲ್ಲಿಯೂ ಬಲ್ಲಿರಿ. ಹಚ್ಚಿದ ದೀಪವನ್ನು ಆರಗೊಡದೆ, ಕತ್ತಲೆಯಲ್ಲಿ ಕಾಡು ದಾಟಿ, ಮನೆಯಿಂದ ಮನೆಗೆ ಹಾಡುತ್ತಾ ಹೋಗುವರು. ಮನೆಯಾಕೆ ಎದ್ದು ಬಾಗಿಲು ತೆರೆದು ದೀಪಕ್ಕೆ ಎಣ್ಣೆ ಎರೆಯುವಳು. ಒಂದು ಮನೆಗೂ ಮತ್ತೊಂದಕ್ಕೂ ಗುಡ್ಡ ಅಡ್ಡವಿರುವ ನಮ್ಮಂಥ ಸೀಮೆಯಲ್ಲಿ, ವರುಷಕ್ಕೊಮ್ಮೆ ನಡುರಾತ್ರಿಯಲ್ಲಿ ನಾಯಿ ಬೊಗಳಿದಾಗ ಭಯಪಡದೆ ಬಾಗಿಲು ತೆರೆಯುವದು ಸಣ್ಣ ಸಂಗತಿಯಲ್ಲ. ನಾಟಿಯ ಕಾಲದ ಮುಯ್ಯಾಳಿನ ಪದ್ಧತಿಯೂ ಇಂಥದ್ದೇ: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನದಕ್ಕೆ ನೀನು.

ಪರದೇಶಗಳಲ್ಲಿಯೂ ಶೋಧಿಸಿದವರು ಇದಕ್ಕೆ ಸಮೀಪವಾದದ್ದನ್ನೇ ಕಂಡಿದ್ದಾರೆ. ಅಮೆರಿಕದವರು ಸಂತೋಷವನ್ನು ಹೆಚ್ಚಾಗಿ ತಾವು ಸಾಧಿಸಿದ ಕಾರ್ಯದೊಂದಿಗೆ ಸೇರಿಸಿ ಹೇಳುವರು. ಜಪಾನಿನವರು ಇತರರೊಂದಿಗೆ ಹೊಂದಿಕೆಯಿಂದಿರುವದರೊಂದಿಗೆ ಸೇರಿಸುವರು, ಅತಿಯಾದ ಸಂತೋಷವು ನೆರೆಯವರ ಅಸೂಯೆಗೆ ಕಾರಣವಾದೀತೆಂದು ಹಿಂಜರಿಯುವದೂ ಉಂಟು. ಫಿನ್ಲೆಂಡ್ ಮೊದಲಾದ ಉತ್ತರ ದೇಶದವರು ನಗುವದರಲ್ಲಿ ಪ್ರಸಿದ್ಧರಲ್ಲ. ಆದರೆ ಕಳೆದುಹೋದ ಹಣದ ಚೀಲವು ತಿರಿಗಿ ಕೈಸೇರುವದೆಂದು ಅವರು ನಂಬುತ್ತಾರೆ. ಈ ನಂಬಿಕೆಗೂ ಸಂತೋಷಕ್ಕೂ ಬಲವಾದ ಸಂಬಂಧವಿದೆಯೆಂದು ೨೦೨೫ರ ವರದಿಯು ತೋರಿಸಿತು. ಜನರು ನೆನಸುವದಕ್ಕಿಂತ ಸುಮಾರು ಎರಡರಷ್ಟು ಚೀಲಗಳು ನಿಜವಾಗಿ ಹಿಂದಕ್ಕೆ ಬರುತ್ತವೆಂದೂ ಅದೇ ವರದಿ ಹೇಳುತ್ತದೆ. ಅಂದರೆ ನಾವು ನೆರೆಯವನನ್ನು ಅವನಿಗಿಂತ ಕೆಟ್ಟವನೆಂದು ಎಣಿಸಿ, ಅಷ್ಟರ ಮಟ್ಟಿಗೆ ನಮ್ಮ ನೆಮ್ಮದಿಯನ್ನು ನಾವೇ ಕಳಕೊಳ್ಳುತ್ತೇವೆ. ಭೂತಾನದವರು ತಮ್ಮ ೨೦೦೮ರ ರಾಜ್ಯಾಂಗದಲ್ಲಿಯೇ ಪ್ರಜೆಗಳ ಸಂತೋಷವನ್ನು ಬರೆದಿಟ್ಟಿದ್ದಾರೆ. ಆದಾಗ್ಯೂ ಅಲ್ಲಿಯ ಯೌವನಸ್ಥರು ಅನೇಕರು ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಕ್ಕೆ ಹೋಗುತ್ತಿದ್ದಾರೆ. ಹೊಟ್ಟೆಯ ಪ್ರಶ್ನೆಯನ್ನು ಬಿಟ್ಟು ನೆಮ್ಮದಿಯ ಮಾತಾಡಕೂಡದು.

ಇದನ್ನು ನಮ್ಮ ಸೀಮೆಯೇ ಚೆನ್ನಾಗಿ ಕಲಿಸಿದೆ. ಭೂಮಿ ಹುಣ್ಣಿಮೆಯ ಬುಟ್ಟಿ ಹೊತ್ತವನು ಆ ಭೂಮಿಯ ಒಡೆಯನಾಗಿದ್ದನೋ? ಬಹು ಮಂದಿ ಗೇಣಿದಾರರು. ಸುಗ್ಗಿಯಲ್ಲಿ ಧಣಿಯ ಕೊಳಗದಿಂದ ಭತ್ತ ಅಳೆದುಕೊಡುವಾಗ, ಆ ಕೊಳಗವೇ ದೊಡ್ಡದಾದರೆ ಯಾರಿಗೆ ದೂರುವದು? ಸಾಗರ ತಾಲೂಕಿನ ಕಾಗೋಡಿನಲ್ಲಿ ೧೯೫೧ರ ಏಪ್ರಿಲಿನಲ್ಲಿ ರೈತರು ಈ ಅಳತೆಯ ನಿಮಿತ್ತವೂ ತಮ್ಮ ಮಾನದ ನಿಮಿತ್ತವೂ ಸತ್ಯಾಗ್ರಹ ಹೂಡಿದರು, ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾರವರು ಬಂದು ಸೆರೆಯಾದರು. ೧೯೭೪ರ ಭೂಸುಧಾರಣೆಯ ಕಾಯಿದೆಯ ತಿದ್ದುಪಡಿಯಿಂದ ಉಳುವವನಿಗೆ ಹೊಲವಾಯಿತು. ಅಲ್ಲಿಯ ವರೆಗೆ ಹಬ್ಬದ ಹಾಡು ಸುಳ್ಳಾಗಿತ್ತೆಂದು ನಾನು ಹೇಳುವದಿಲ್ಲ. ಆದರೆ ಹಾಡನ್ನು ಮಾತ್ರ ಕೇಳಿ, ಬಡವರು ಎಷ್ಟು ಸಂತೋಷವಾಗಿದ್ದಾರೆ ನೋಡಿರೆಂದು ಬರೆದು ಹೋದ ಪ್ರವಾಸಿಗಳು ಕೊಳಗವನ್ನು ನೋಡಲಿಲ್ಲ.

ಎರಡನೆಯ ಪಾಠವು ಇದಕ್ಕಿಂತ ಕಠಿಣ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟಿನಿಂದ ಶರಾವತಿಯ ನೀರು ನಿಂತಾಗ ಸಾಗರ, ಹೊಸನಗರ ತಾಲೂಕುಗಳ ಗ್ರಾಮಗಳು ಮುಳುಗಿದವು. ನಾಡಿಗೆ ಬೆಳಕು ಬಂತು. ಎಬ್ಬಿಸಲ್ಪಟ್ಟವರಿಗೆ ಬೇರೆಡೆಯಲ್ಲಿ ಜಮೀನು ತೋರಿಸಲಾಯಿತು. ಆದರೆ ಹಲವರಿಗೆ ಅದರ ಹಕ್ಕುಪತ್ರವು ಮೊಮ್ಮಕ್ಕಳ ಕಾಲದಲ್ಲಿಯೂ ವ್ಯಾಜ್ಯವಾಗಿಯೇ ಉಳಿಯಿತು. ಮನೆಯನ್ನು ತಿರಿಗಿ ಕಟ್ಟಬಹುದು. ಮುಯ್ಯಾಳು ಒಂದು ಕಡೆ, ಬೀಗರು ಒಂದು ಕಡೆ, ದೀಪಕ್ಕೆ ಎಣ್ಣೆ ಎರೆಯುತ್ತಿದ್ದ ನೆರೆಮನೆ ಇನ್ನೊಂದು ಕಡೆ ಚದರಿಹೋದ ಮೇಲೆ ಒರಗುವದು ಯಾವದಕ್ಕೆ?

ಹಿನ್ನೀರಿನ ಆಚೆ ಉಳಿದ ತುಮರಿಯ ಸೀಮೆಯವರಿಗೆ ಸಾಗರದ ಪೇಟೆಯೇ ದೂರದ ದೇಶದಂತಾಯಿತು. ಆರು ದಶಕಗಳ ಕಾಲ ಅವರು ಲಾಂಚನ್ನು ನೆಮ್ಮಿ ಬದುಕಿದರು, ಸಂಜೆಯಾದರೆ ಅದೂ ನಿಲ್ಲುತ್ತಿತ್ತು. ೨೦೨೫ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಾದ ಸೇತುವೆಯು ತೆರೆಯಲ್ಪಟ್ಟಿತು. ಇದರಿಂದ ಅವರು ಏಣಿಯಲ್ಲಿ ಎಷ್ಟು ಮೆಟ್ಟಲು ಏರಿದರೆಂದು ಅಳೆಯುವವರು ಅಳೆಯಲಿ. ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಂಡ ಹೆಂಗಸು ಈಗ ಬೆಳಗಿನ ಲಾಂಚಿಗಾಗಿ ಕಾಯಬೇಕಾಗಿಲ್ಲ.