ಹಳೆಯ ಬೆಳ್ಳಿ ರೂಪಾಯಿ: ಮಾಡಬೇಕಾದ್ದು, ಮಾಡಬಾರದ್ದು

ಬೆಲ್ಲದ ಬಾಗೇವಾಡಿ ಹಾಗೂ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ಹಳೆಯ ನಾಣ್ಯ ಇಟ್ಟುಕೊಂಡವರಿಗೆ, ಕೂಡಿಸುವವರಿಗೆ.

ಮಾಡಬೇಕಾದ್ದು

ಅಂಚು ಹಿಡಿದು ಎತ್ತಿ.

ತೂಗಿ. 1835ರಿಂದ 1939ರವರೆಗಿನ ಬ್ರಿಟಿಷ್ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲೆ. ಸವೆದದ್ದು ತುಸು ಕಡಿಮೆ ಬರುತ್ತದೆ. ಹೆಚ್ಚು ಬಂದರೆ ಬಿಟ್ಟುಬಿಡಿ.

ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಬೆಳ್ಳಿಯಲ್ಲ. 1947ರ ಹುಲಿ ರೂಪಾಯಿ ಅಸಲಿಯೇ, ಆದರೆ ನಿಕ್ಕಲ್.

ಇಸವಿ ಓದಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. 1939ರದು ಅತಿ ಅಪರೂಪ. ಆ ಕೊನೆಯ 9ನ್ನು ಭೂತಗನ್ನಡಿಯಲ್ಲಿ ನೋಡಿ, 8ನ್ನು ತಿದ್ದಿರಬಹುದು.

1911ರ ಐದನೇ ಜಾರ್ಜ್ ರೂಪಾಯಿ ಬೇರೆ ಎತ್ತಿಡಿ. ದೊರೆಯ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. 1912ಕ್ಕೆ ಅಚ್ಚು ಬದಲಾಯಿತು.

ಪಾರ್ಸಿ ಅಕ್ಷರದ ದಪ್ಪ ರೂಪಾಯಿ ಇದ್ದರೆ ಬಲ್ಲವರಿಗೆ ತೋರಿಸಿ. ಮರಾಠರ ಕಾಲದಲ್ಲಿ 'ಆಜಂನಗರ ಗೋಕಾಕ' ಟಂಕಸಾಲೆಯ ಹೆಸರಲ್ಲಿ, ಮೊಗಲ ಬಾದಶಹನ ಹೆಸರು ಹೊತ್ತು ರೂಪಾಯಿ ಹೊರಟಿವೆ. ಗೋಕಾಕದ ಹೆಸರಿನ ನಾಣ್ಯ ಗೋಕಾಕದ ಮೂಸೆಯಲ್ಲೇ ಕರಗಿದರೆ ಮತ್ತೆ ಬರುವುದಿಲ್ಲ.

ಒಂದು ನಾಣ್ಯಕ್ಕೆ ಒಂದು ಕಾಗದದ ಲಕೋಟೆ ಮಾಡಿ.

ಫೋಟೋ, ತೂಕ, ಇಸವಿ ಬರೆದಿಡಿ.

ಪಾಯ ತೋಡುವಾಗ ಗಡಿಗೆ ಸಿಕ್ಕರೆ ಗುದ್ದಲಿ ನಿಲ್ಲಿಸಿ. ಅದೇ ದಿನ ತಹಶೀಲ್ದಾರರಿಗೆ ತಿಳಿಸಿ.

ಮಾಡಬಾರದ್ದು

ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ತಿಕ್ಕುವುದು ಬೇಡ. ದೀಪಾವಳಿಯ ಲಕ್ಷ್ಮೀಪೂಜೆಗೂ ಬೇಡ. ಲಕ್ಷ್ಮಿ ಕಪ್ಪು ರೂಪಾಯಿಗೂ ಒಲಿಯುತ್ತಾಳೆ. ತಿಕ್ಕಿದ್ದಕ್ಕೆ ಬರೀ ಬೆಳ್ಳಿಯ ಬೆಲೆ.

ಸರಕ್ಕೆಂದು ಕೊಂಡಿ ಬೆಸೆಸುವುದು ಬೇಡ.

ರಬ್ಬರ್ ಬ್ಯಾಂಡ್ ಬೇಡ. ಮೆತ್ತನೆಯ ಪ್ಲಾಸ್ಟಿಕ್ ಚೀಲ ಬೇಡ.

ಇಸವಿ ಓದದೆ ಪತ್ತಾರರಿಗೆ ತೂಕದ ಮೇಲೆ ಕೊಡುವುದು ಬೇಡ.

ಬಿಲ್ಲಿಲ್ಲದೆ ಕೊಳ್ಳಬಾರದು. ಕದ್ದ ಮಾಲಾದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ರಾಮ-ಸೀತೆಯಿರುವ '1818ರ ಕಂಪನಿ ಅಣೆ' ಕೊಳ್ಳಬಾರದು. ಅದನ್ನು ಕಂಪನಿ ಅಚ್ಚು ಹಾಕಿಲ್ಲ. ಅದು ಅಕ್ಕಿ ಎಳೆಯುತ್ತದೆ ಎನ್ನುವವನನ್ನು ಹೊಸಿಲು ದಾಟಿಸುವುದು ಬೇಡ.

ಅಮೆರಿಕದ 1804ರ ಬೆಳ್ಳಿ ಡಾಲರ್ ತಂದಿದ್ದೇನೆ ಎಂದರೆ ಮಾತೇ ಬೇಡ. ಲೋಕದಲ್ಲಿ ಗೊತ್ತಿರುವುದು 16. ಅವೂ 1804ರಲ್ಲಿ ಅಚ್ಚಾದವಲ್ಲ, ಮೂವತ್ತು ವರ್ಷ ಕಳೆದ ಮೇಲಿನವು.

ಹಳೆಯ ನಾಣ್ಯಕ್ಕೆ ಕೋಟಿ ಕೊಡುತ್ತೇವೆಂದು ಫೋನ್ ಬಂದರೆ ಮುಂಗಡ ಶುಲ್ಕ ಕಟ್ಟಬಾರದು. ಇಂಥ ವ್ಯವಹಾರ ತನ್ನದಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ. ಕಟ್ಟಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೂರು ವರ್ಷ ದಾಟಿದ ನಾಣ್ಯವನ್ನು ಪರದೇಶದ ಮಗನಿಗೋ ಮಗಳಿಗೋ ಕಳಿಸಬಾರದು, ಕೈಚೀಲದಲ್ಲೂ ಒಯ್ಯಬಾರದು. 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷ ಜೈಲು.

ನೆಲದಲ್ಲಿ ಸಿಕ್ಕದ್ದನ್ನು ಕೂಲಿಯವರೊಂದಿಗೆ ಹಂಚಿಕೊಂಡು ಸುಮ್ಮನಿರಬಾರದು. ಬಾಯಿ ಬಿಡುವವನು ಒಬ್ಬನಾದರೂ ಇರುತ್ತಾನೆ. ನಿಮಗೆ ಬರಬಹುದಾದ ಪಾಲೂ ಹೋಗುತ್ತದೆ, ಕೇಸೂ ಬೀಳುತ್ತದೆ.