ಯಾವ ವಸ್ತುವಿಗೆ ಯಾವ ಬ್ಲೇಡು? ಸೇಬರ್ ಸಾ ಕೊಳ್ಳುವ ಮುನ್ನ

ಹಳೆ ಮನೆಯ ಬಾಗಿಲ ಚೌಕಟ್ಟನ್ನು ಗೋಡೆ ಒಡೆಯದೆ ಬಿಡಿಸಬೇಕು ಅಂದುಕೊಳ್ಳಿ. ಅದನ್ನು ಹಿಡಿದಿಟ್ಟಿರುವುದು ಗಾರೆಯೊಳಗೆ ಹುದುಗಿರುವ ಹೋಲ್ಡ್‌ಫಾಸ್ಟ್ ಎಂಬ ಕಬ್ಬಿಣದ ಪಟ್ಟಿಗಳು, ಸಾಮಾನ್ಯವಾಗಿ ಒಂದೊಂದು ಪಕ್ಕಕ್ಕೆ ಮೂರು. ಆಂಗಲ್ ಗ್ರೈಂಡರ್‌ನ ಚಕ್ರ ಆ ಸಂದಿಗೆ ಇಳಿಯದು. ಕೈಗರಗಸ ಎಳೆದಾಡಲು ಜಾಗವಿರದು. ಇಂಥ ಕಡೆ ಕೈಹಿಡಿಯುವುದು ರೆಸಿಪ್ರೊಕೇಟಿಂಗ್ ಸಾ. ಉದ್ದನೆಯ ಬ್ಲೇಡನ್ನು ಹಿಂದಕ್ಕೂ ಮುಂದಕ್ಕೂ ಓಡಿಸುವ ವಿದ್ಯುತ್ ಗರಗಸ ಇದು. ಅಮೆರಿಕದ ಮಿಲ್ವಾಕಿ ಕಂಪನಿ 1951ರಲ್ಲಿ ‘ಸಾಜಾಲ್’ ಎಂಬ ಹೆಸರಿನಲ್ಲಿ ತಂದ ಮೇಲೆ ಹೆಸರಾಯಿತು. ನಮ್ಮ ಅಂಗಡಿಗಳಲ್ಲಿ ಸೇಬರ್ ಸಾ ಎಂದು ಕೇಳಿದರೂ ಇದನ್ನೇ ತೋರಿಸುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದು ಕೆಡವುವ, ಬಿಡಿಸುವ, ತುಂಡರಿಸುವ ಕೆಲಸದ ಯಂತ್ರ. ವಾರ್ಡ್‌ರೋಬಿನ ಪ್ಲೈವುಡ್ಡನ್ನು ಅಂಚು ಕೀಳದಂತೆ ನೇರವಾಗಿ ಕೊಯ್ಯಬೇಕಿದ್ದರೆ ಸರ್ಕ್ಯುಲರ್ ಸಾ ಅಥವಾ ಜಿಗ್‌ ಸಾ ಕೊಳ್ಳಿ. ಮನೆ ರಿಪೇರಿಗೆಂದು ಒಮ್ಮೆ ಮಾತ್ರ ಬೇಕಾದರೆ ಬಾಡಿಗೆಗೆ ತಂದು, ಉಳಿದ ಹಣದಲ್ಲಿ ಒಳ್ಳೆಯ ಬ್ಲೇಡು ಕೊಳ್ಳುವುದೇ ಜಾಣತನ.

ಮೆಷಿನ್ ನೋಡುವಾಗ

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ವೈರ್ ಇರುವ 1,000–1,200 ವ್ಯಾಟ್‌ನ ಯಂತ್ರ ಹೆಚ್ಚಿನ ಕೆಲಸಕ್ಕೆ ಸಾಕು. ಕರೆಂಟ್ ಸಿಗದ ತೋಟದಲ್ಲಿ, ಪ್ಲಂಬರ್ ನುಸುಳುವ ಇಕ್ಕಟ್ಟಿನ ಜಾಗದಲ್ಲಿ 18 ವೋಲ್ಟ್‌ನ ಬ್ಯಾಟರಿ ಮೆಷಿನ್ ಅನುಕೂಲ. ಒಂದು ಸಲಕ್ಕೆ ಬ್ಲೇಡು ಎಷ್ಟು ದೂರ ಓಡುತ್ತದೆ ಎಂಬುದನ್ನು ಕೇಳಿ ತಿಳಿಯಿರಿ. ಈ ಸ್ಟ್ರೋಕ್ 28 ಮಿ.ಮೀ. ಆಸುಪಾಸು ಇದ್ದರೆ ಕೆಲಸ ಬೇಗ ಸಾಗುತ್ತದೆ, 20 ಮಿ.ಮೀ. ಇದ್ದರೆ ನಿಧಾನ. ಟ್ರಿಗರ್ ಒತ್ತಿದಷ್ಟಕ್ಕೆ ವೇಗ ಬದಲಾಗಲೇಬೇಕು. ಒಂದೇ ವೇಗದ ಮೆಷಿನ್ ಅಗ್ಗವೆಂದು ತಂದರೆ ಕಬ್ಬಿಣದ ಮುಂದೆ ಪಶ್ಚಾತ್ತಾಪ ಪಡುತ್ತೀರಿ. ಸ್ಪ್ಯಾನರ್ ಇಲ್ಲದೆ ಬ್ಲೇಡು ಬದಲಿಸುವಂತಿರಲಿ. ಬ್ಲೇಡಿನ ಬುಡವಂತೂ ಬಹುತೇಕ ಎಲ್ಲ ಕಂಪನಿಗಳಿಗೂ ಅರ್ಧ ಇಂಚಿನ ಒಂದೇ ಅಳತೆಯದು. ಆದ್ದರಿಂದ ಒಂದು ಕಂಪನಿಯ ಮೆಷಿನ್‌ಗೆ ಇನ್ನೊಂದರ ಬ್ಲೇಡು ಹೊಂದುತ್ತದೆ.

ಹಲ್ಲಿನ ಲೆಕ್ಕ

ನಿಜವಾದ ಆಯ್ಕೆ ಇರುವುದು ಇಲ್ಲಿ. ಪ್ಯಾಕೆಟ್ ಮೇಲೆ ಟಿಪಿಐ ಎಂದು ಬರೆದಿರುತ್ತದೆ. ಒಂದು ಇಂಚಿನಲ್ಲಿ ಎಷ್ಟು ಹಲ್ಲು ಎಂಬ ಲೆಕ್ಕ ಅದು. ಕತ್ತರಿಸುವ ವಸ್ತುವಿನ ದಪ್ಪದೊಳಗೆ ಯಾವಾಗಲೂ ಎರಡು ಮೂರು ಹಲ್ಲಾದರೂ ಕೂತಿರಬೇಕು. ಆರು ಹಲ್ಲಿನ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ ನಾಲ್ಕು ಮಿ.ಮೀ.ಗಿಂತ ಹೆಚ್ಚು ಅಂತರ. ಅದನ್ನು ಎರಡು ಮಿ.ಮೀ. ದಪ್ಪದ ಸ್ಕ್ವೇರ್ ಟ್ಯೂಬಿಗೆ ಇಟ್ಟರೆ ಟ್ಯೂಬಿನ ಅಂಚು ಎರಡು ಹಲ್ಲಿನ ನಡುವಿನ ಸಂದಿಗೆ ಬಿದ್ದು, ‘ಟಕ್’ ಎಂದು ಸಿಕ್ಕಿ, ಹಲ್ಲೇ ಹಾರಿಹೋಗುತ್ತದೆ. ತಿರುಗಾಮುರುಗಾ, 18 ಹಲ್ಲಿನ ಬ್ಲೇಡನ್ನು ಹಲಸಿನ ತೊಲೆಗೆ ಇಟ್ಟರೆ ಪುಟ್ಟ ಸಂದಿಗಳಲ್ಲಿ ಹೊಟ್ಟು ತುಂಬಿ, ಕೊಯ್ಯುವ ಬದಲು ಉಜ್ಜುತ್ತದೆ. ಮರ ಕಪ್ಪಾಗಿ ಹೊಗೆಯಾಡುತ್ತದೆ.

ಹಸಿ ಕೊಂಬೆ, ಬೇಲಿಗೂಟಕ್ಕೆ 3ರಿಂದ 5 ಹಲ್ಲು. ಒಣಮರಕ್ಕೆ 6. ಹಳೆಯ ಹೆಂಚಿನ ಮಾಡು ಬಿಚ್ಚುವಾಗಿನ ಕಥೆ ಬೇರೆ. ಪಕ್ಕಾಸು, ರೀಪುಗಳ ಒಳಗೆ ತುಕ್ಕು ಹಿಡಿದ ಮೊಳೆ ಎಲ್ಲಿದೆಯೋ ಹೊರಗಿನಿಂದ ಕಾಣದು. ಅಲ್ಲಿ ಬರೀ ಮರದ ಬ್ಲೇಡು ಮೊದಲ ಮೊಳೆಗೇ ಮೊಂಡಾಗುತ್ತದೆ. ಮರ ಮತ್ತು ಮೊಳೆ ಎರಡನ್ನೂ ತಾಳುವ 6ರಿಂದ 10 ಹಲ್ಲಿನದನ್ನೇ ತನ್ನಿ. ಕಬ್ಬಿಣಕ್ಕೆ ಬಂದರೆ, ತೆಳು ತಗಡಿಗೆ 24; ಜಿಐ ಪೈಪು, ಗ್ರಿಲ್ ಪಟ್ಟಿಯಂಥ 1.5ರಿಂದ 4 ಮಿ.ಮೀ. ದಪ್ಪಕ್ಕೆ 18, ಅದಕ್ಕಿಂತ ದಪ್ಪದ ಆಂಗಲ್‌ಗೆ 14. ಪಿವಿಸಿ ಪೈಪಿಗೆ ಹತ್ತರ ಆಸುಪಾಸು ಸಾಕು. ಆದರೆ ವೇಗ ಏರಿಸಬೇಡಿ. ಪ್ಲಾಸ್ಟಿಕ್ ಕರಗಿ ಬ್ಲೇಡಿಗೇ ಅಂಟುತ್ತದೆ.

‘ಎಲ್ಲದಕ್ಕೂ ಒಂದೇ’ ಎಂದು ಮಾರುವ ಬ್ಲೇಡು ಯಾವುದನ್ನೂ ಚೆನ್ನಾಗಿ ಕತ್ತರಿಸುವುದಿಲ್ಲ. ಒಳಗೇನಿದೆ ಎಂದು ಗೊತ್ತಿಲ್ಲದ ಕಡೆಗೆ ಒಂದೆರಡು ಇಟ್ಟುಕೊಂಡರಾಯಿತು.

ಬ್ಲೇಡಿನ ಲೋಹ, ಉದ್ದ, ದಪ್ಪ

ಹೈಕಾರ್ಬನ್ ಸ್ಟೀಲ್ ಬ್ಲೇಡು ಅಗ್ಗ. ಮೃದು ಮರ, ಪ್ಲಾಸ್ಟಿಕ್‌ಗಷ್ಟೇ. ಬೈಮೆಟಲ್‌ನಲ್ಲಿ ಬಾಗುವ ಸ್ಟೀಲ್ ಬೆನ್ನಿಗೆ ಗಟ್ಟಿಯಾದ ಹೈಸ್ಪೀಡ್ ಸ್ಟೀಲ್ ಹಲ್ಲಿನ ಅಂಚನ್ನು ಬೆಸೆದಿರುತ್ತಾರೆ. ಬಾಗಿದರೂ ತುಂಡಾಗದು, ಹಲ್ಲೂ ಬೇಗ ಸವೆಯದು. ಮನೆಗೆ ತರುವ ಬ್ಲೇಡುಗಳಲ್ಲಿ ಹೆಚ್ಚಿನವು ಇವೇ ಆಗಿರಲಿ. ಹಳೆ ಕಟ್ಟಡದ ಬೀಡಿನ ಪೈಪು, ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್ ಇದ್ದರೆ ಕಾರ್ಬೈಡ್ ತುದಿಯದನ್ನು ಕೇಳಿ. ಬೆಲೆ ಹೆಚ್ಚು ನಿಜ, ಆದರೆ ಬೀಡಿನ ಪೈಪಿನ ಮೇಲೆ ಸಾದಾ ಬ್ಲೇಡುಗಳನ್ನು ಒಂದಾದ ಮೇಲೊಂದು ಎಸೆಯುವುದಕ್ಕಿಂತ ವಾಸಿ. ಟೈಲ್ಸ್‌ಗೆ ಹಲ್ಲೇ ಇಲ್ಲದೆ ಕಾರ್ಬೈಡ್ ಹರಳು ಅಂಟಿಸಿದ ಬ್ಲೇಡು ಬರುತ್ತದೆ. ಹಗುರ ಎಎಸಿ ಬ್ಲಾಕಿಗೆ ದೊಡ್ಡ ಕಾರ್ಬೈಡ್ ಹಲ್ಲಿನದು ಬೇರೆಯೇ ಇದೆ. ಕಾಂಕ್ರೀಟ್ ತಂಟೆಗೆ ಮಾತ್ರ ಹೋಗಬೇಡಿ.

ಉದ್ದದಲ್ಲಿ 150, 225, 300 ಮಿ.ಮೀ. ಸಾಮಾನ್ಯ. ವಸ್ತುವಿನ ಅಗಲಕ್ಕಿಂತ ಎರಡು ಮೂರು ಇಂಚು ಹೆಚ್ಚಿರಲಿ. ಬ್ಲೇಡು ಹಿಂದಕ್ಕೆ ಬಂದಾಗಲೂ ಅದರ ತುದಿ ಆ ಪಕ್ಕದಲ್ಲಿ ಹೊರಗೇ ಇರಬೇಕು. ತೀರಾ ಉದ್ದವಾದರೆ ಹಿಂದಿನ ಗೋಡೆಗೆ ಬಡಿದು ಬಾಗುತ್ತದೆ. ದಪ್ಪವನ್ನೂ ಗಮನಿಸಿ: 0.9 ಮಿ.ಮೀ.ನದು ಬಳುಕುತ್ತದೆ, ಪೈಪನ್ನು ಗೋಡೆಗೆ ಒತ್ತಿಕೊಂಡು ಕತ್ತರಿಸಲು ಇದೇ ಬೇಕು. ಕೆಡವುವ ಕೆಲಸಕ್ಕೆ 1.6 ಮಿ.ಮೀ.ನ ಅಗಲ ಬ್ಲೇಡು ಬರುತ್ತದೆ. ಮೇಲೆ ಹೇಳಿದ ಚೌಕಟ್ಟಿನಲ್ಲಿ ಮರ, ಗಾರೆ, ಕಬ್ಬಿಣ ಮೂರೂ ಅಡ್ಡ ಬರುವುದರಿಂದ 225 ಮಿ.ಮೀ. ಉದ್ದದ, 10–14 ಹಲ್ಲಿನ ಬೈಮೆಟಲ್ ಬ್ಲೇಡು ಸರಿ. ಸಂದಿಯ ಗಾರೆಯನ್ನು ಉಳಿಯಿಂದ ಕೆದಕಿ ತೆಗೆದು, ಪಟ್ಟಿ ಕಂಡ ಮೇಲೆ ಬ್ಲೇಡು ಇಳಿಸಿ. ಗಾರೆಯ ಮರಳೇ ಹಲ್ಲಿನ ಮೊದಲ ಶತ್ರು.

ಕೆಲಸಕ್ಕೆ ಇಳಿದಾಗ

ಗೋಡೆ ಅಥವಾ ಸೀಲಿಂಗ್ ಮುಟ್ಟುವ ಮುನ್ನ ಆ ಭಾಗದ ಎಂಸಿಬಿ ಇಳಿಸಿ, ನೀರಿನ ವಾಲ್ವ್ ಮುಚ್ಚಿ. ಕನ್ನಡಕ, ಗ್ಲೌಸ್, ಕಿವಿಗೆ ರಕ್ಷಣೆ ಇರಲಿ. ಹಳೆ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ಈ ಗರಗಸವನ್ನು ಅದರ ಹತ್ತಿರವೂ ತರಬೇಡಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ.

ಬ್ಲೇಡಿನ ಬುಡದಲ್ಲಿ ‘ಶೂ’ ಎನ್ನುವ ಲೋಹದ ಪಾದವಿದೆ. ಅದನ್ನು ವಸ್ತುವಿಗೆ ಗಟ್ಟಿಯಾಗಿ ಒತ್ತಿಯೇ ಟ್ರಿಗರ್ ಹಿಡಿಯಿರಿ. ನಡುವೆ ಸಂದಿ ಬಿಟ್ಟರೆ ಮೆಷಿನ್ ಕುಣಿಯುತ್ತದೆ, ಪೈಪೂ ಜತೆಗೆ ಕುಣಿಯುತ್ತದೆ, ಕಟ್ ಮಾತ್ರ ಆಗುವುದಿಲ್ಲ. ಮರಕ್ಕೆ ಪೂರ್ತಿ ವೇಗ, ಬ್ಲೇಡನ್ನು ತುಸು ಮೇಲಕ್ಕೂ ಕೆಳಕ್ಕೂ ಆಡಿಸುವ ಆರ್ಬಿಟಲ್ ಗುಂಡಿ ಇದ್ದರೆ ಹಾಕಿ. ಕಬ್ಬಿಣಕ್ಕೆ ಆರ್ಬಿಟಲ್ ಬೇಡ, ವೇಗ ಇಳಿಸಿ, ಎರಡು ಹನಿ ಎಣ್ಣೆ ಬಿಡಿ. ಸ್ಟೇನ್‌ಲೆಸ್‌ಗೆ ಇನ್ನೂ ನಿಧಾನ. ಕಿಡಿ ಹಾರುತ್ತಿದ್ದರೆ ಅಥವಾ ಹಲ್ಲು ನೀಲಿಯಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ನೆಲಮಟ್ಟಕ್ಕೆ ಕತ್ತರಿಸುವಾಗ ಬ್ಲೇಡನ್ನು ತಲೆಕೆಳಗಾಗಿ, ಹಲ್ಲು ಮೇಲೆ ಬರುವಂತೆಯೂ ಹಾಕಬಹುದು.

ತೆಳು ಪಟ್ಟಿಗಳನ್ನೇ ಕತ್ತರಿಸುತ್ತಿದ್ದರೆ ಬುಡದ ಹತ್ತಿರದ ಹಲ್ಲುಗಳು ಮಾತ್ರ ಸವೆದು, ಉಳಿದವು ಹೊಸದಾಗಿಯೇ ಇರುತ್ತವೆ. ಶೂವನ್ನು ಮುಂದಕ್ಕೆ ಸರಿಸಿದರೆ ಅದೇ ಬ್ಲೇಡು ಮತ್ತಷ್ಟು ದಿನ ಬರುತ್ತದೆ. ಸರಿಸುವ ಮುನ್ನ ಪ್ಲಗ್ ತೆಗೆಯಿರಿ, ಬ್ಯಾಟರಿಯದಾದರೆ ಬ್ಯಾಟರಿ ಬಿಚ್ಚಿ. ಕಬ್ಬಿಣ ಕತ್ತರಿಸಿದ ಕೂಡಲೇ ಬ್ಲೇಡನ್ನು ಬರಿಗೈಯಲ್ಲಿ ಎಳೆಯಬೇಡಿ, ಬೆರಳು ಸುಟ್ಟೀತು.